ನಾರಾಯಣಪುರದ ಖಾನಾವಳಿಯೂ ಜೋಳದ ಋಣವೂ

ಅರಸರ ವಂಶಾವಳಿಗಳನ್ನೂ ಕದನಗಳ ಕಾಲವನ್ನೂ ನಿರ್ಣಯಿಸುವುದಕ್ಕೆ ಚರಿತ್ರಕಾರರು ಪಟ್ಟಿರುವ ಶ್ರಮವು ಅಪಾರವಾದುದು. ಆದರೆ ಆ ಕಾಲದ ಜನರು ಏನನ್ನು ಉಂಡರು, ಎಲ್ಲಿ ಉಂಡರು, ಯಾರ ಪಕ್ಕದಲ್ಲಿ ಕುಳಿತು ಉಂಡರು ಎಂಬುದನ್ನು ವಿಚಾರಿಸಿದವರು ವಿರಳ. ರಾಜ್ಯಗಳು ಹುಟ್ಟುವುದಕ್ಕೆ ಮೊದಲೇ ಹಸಿವು ಹುಟ್ಟಿತ್ತು. ರಾಜ್ಯಗಳು ಅಳಿದ ಮೇಲೆಯೂ ಅದು ಉಳಿದುಕೊಂಡು ಬಂದಿದೆ. ಆದಕಾರಣ ಒಂದು ಊರಿನ ಖಾನಾವಳಿಯನ್ನು ನಿಮಿತ್ತವಾಗಿಟ್ಟುಕೊಂಡು ಆ ಸೀಮೆಯ ಚರಿತ್ರೆಯನ್ನು ನೋಡುವುದು ವಾಚಕರಿಗೆ ಅನುಚಿತವೆಂದು ತೋರಲಾರದು.

ನಾರಾಯಣಪುರವು ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣಾನದಿಯ ಎಡದಂಡೆಯ ಕಡೆಯ ಊರು. ಮೊದಲು ಸುರಪುರ ತಾಲ್ಲೂಕಿಗೆ ಸೇರಿದ್ದ ಇದು ಈಗ ಹುಣಸಗಿ ತಾಲ್ಲೂಕಿನಲ್ಲಿದೆ. ಈ ಸೀಮೆಯನ್ನು ಬಹುಕಾಲ ಸುರಪುರದ ನಾಯಕರು ಆಳಿದರು. ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಆಂಗ್ಲರನ್ನು ಎದುರಿಸಿ ಅಳಿದನು. 1860ರಲ್ಲಿ ಸಂಸ್ಥಾನವು ನಿಜಾಮನ ಕೈಸೇರಿತು. 1948ರ ಸೆಪ್ಟೆಂಬರಿನಲ್ಲಿ ಆ ಆಳಿಕೆಯೂ ಕೊನೆಗೊಂಡಿತು. 1956ರ ನವೆಂಬರ್ 1ರಂದು ಈ ಭಾಗವು ಉಳಿದ ಕನ್ನಡ ಸೀಮೆಗಳೊಡನೆ ಒಂದು ರಾಜ್ಯದಲ್ಲಿ ಕೂಡಿತು. ಊರಿನ ಸಮೀಪದಲ್ಲಿ ನದೀತೀರದ ಛಾಯಾಭಗವತಿಯ ಕ್ಷೇತ್ರವಿದ್ದು, ಭಕ್ತರು ಅಲ್ಲಿಗೆ ಸ್ನಾನದರ್ಶನಗಳಿಗಾಗಿ ಬರುತ್ತಾರೆ. 1982ರಲ್ಲಿ ಇಲ್ಲಿ ಕೃಷ್ಣೆಗೆ ಹತ್ತು ಕಿಲೋಮೀಟರಿಗಿಂತ ಉದ್ದವಾದ ಅಣೆಕಟ್ಟು ಸಿದ್ಧವಾಯಿತು. ಅದರ ಜಲಾಶಯಕ್ಕೆ ಬಸವಸಾಗರವೆಂದು ಹೆಸರು. ದೇವತಾದರ್ಶನಕ್ಕೆ ಬಂದವನಾಗಲಿ, ನೀರನ್ನು ನೋಡಲು ಬಂದವನಾಗಲಿ, ಕಾಲುವೆಯ ಕಚೇರಿಯ ಕೆಲಸಕ್ಕೆ ಬಂದ ರೈತನಾಗಲಿ ಮಧ್ಯಾಹ್ನವಾಗುತ್ತಲೇ ಹುಡುಕುವುದು ಒಂದನ್ನೇ: ರೊಟ್ಟಿ ಸಿಕ್ಕುವ ಸ್ಥಳವನ್ನು.

ಈ ಸೀಮೆಯ ಖಾನಾವಳಿಯಲ್ಲಿ ಆಡಂಬರವೆಂಬುದಿಲ್ಲ. ಒಂದು ಅಂಗಳ ಅಥವಾ ತಗಡಿನ ಮಾಡು, ನಾಲ್ಕಾರು ಮೇಜುಗಳು, ಒಳಗಡೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ. ಬಿಸಿರೊಟ್ಟಿಯೋ ಕಟಿರೊಟ್ಟಿಯೋ ಎಂದು ಕೇಳುವರು. ತಾಟಿನಲ್ಲಿ ಬದನೆಕಾಯಿಯ ಎಣ್ಣೆಗಾಯಿ, ಹೆಸರು ಅಥವಾ ಮಡಕಿಕಾಳಿನ ಪಲ್ಯ, ಹುಳಿಯಾದ ಪುಂಡಿಪಲ್ಯ, ತೊಗರಿಯ ಬ್ಯಾಳಿ, ಶೇಂಗಾದ ಹಿಂಡಿ, ಕೆಂಪುಖಾರ, ಮೊಸರು, ಹಸಿಯ ಉಳ್ಳಾಗಡ್ಡಿ ಬರುತ್ತವೆ; ಕಡೆಯಲ್ಲಿ ಸ್ವಲ್ಪ ಅನ್ನ. ಅನ್ನವು ಕಡೆಗೆ ಬರುವುದೂ ಅರ್ಥವಿಲ್ಲದ ಕ್ರಮವಲ್ಲ. ಈ ಭಾಗದಲ್ಲಿ ಊಟವೆಂದರೆ ರೊಟ್ಟಿ. ಅಕ್ಕಿಯು ಬಹುಕಾಲ ಹಬ್ಬಕ್ಕೂ ಬೀಗರಿಗೂ ಮೀಸಲಾಗಿದ್ದ ಧಾನ್ಯ.

ಖಾನಾವಳಿ ಎಂಬ ಶಬ್ದವು ಮರಾಠಿಯ ಖಾಣಾವಳ ಎಂಬುದರಿಂದ ಬಂದುದು. ಶಬ್ದವು ಇತ್ತೀಚಿನದಾದರೂ ಅನ್ನವನ್ನು ಬೆಲೆಗೆ ಕೊಡುವ ವೃತ್ತಿಯು ಪ್ರಾಚೀನವಾದುದು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಶೋಧಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಔದನಿಕರೆಂಬ ಅನ್ನ ಮಾರುವವರೂ, ಪಾಕ್ವಮಾಂಸಿಕರೆಂಬ ಬೇಯಿಸಿದ ಮಾಂಸವನ್ನು ಮಾರುವವರೂ ನಗರದ ವೃತ್ತಿವಂತರಲ್ಲಿ ಎಣಿಸಲ್ಪಟ್ಟಿದ್ದಾರೆ. ತಮಗೆ ಪರಿಚಿತರಾದವರಿಗೆ ಮಾತ್ರ ಇವರು ವಸತಿಯನ್ನು ಕೊಡಬೇಕೆಂದು ಅಲ್ಲಿ ವಿಧಿಸಿದೆ. ಅಂದಮೇಲೆ ಪ್ರಯಾಣಿಕರು ಹಣ ತೆತ್ತು ಉಣ್ಣುತ್ತಿದ್ದುದು ರಾಜ್ಯದ ಅವಗಾಹನೆಯಲ್ಲಿಯೇ ನಡೆಯುತ್ತಿತ್ತೆಂದು ವಿಶದವಾಗುವುದು.

ಇಷ್ಟಾದರೂ ಧರ್ಮಶಾಸ್ತ್ರದ ಮನೋಭಾವವು ಅನ್ನವಿಕ್ರಯಕ್ಕೆ ಅನುಕೂಲವಾಗಿರಲಿಲ್ಲ. ಬಹುಜನರಿಂದ ಕೂಡಿಸಿದ ಗಣಾನ್ನವನ್ನೂ, ಕುಲಶೀಲ ತಿಳಿಯದವರ ಕೈಯ ಅನ್ನವನ್ನೂ ಸ್ಮೃತಿಕಾರರು ಶಂಕೆಯಿಂದ ನೋಡಿದರು. ಅನ್ನವನ್ನು ದಾನಮಾಡಬೇಕು, ಮಾರಬಾರದು ಎಂಬ ಭಾವನೆಯು ಜನರಲ್ಲಿ ದೃಢವಾಗಿ ನೆಲೆಗೊಂಡಿತು. ಅರವಟ್ಟಿಗೆ, ಸತ್ರ, ಮಠದ ದಾಸೋಹ ಇವೆಲ್ಲ ಈ ಭಾವನೆಯ ಫಲಗಳು. ಬಡ ವಿದ್ಯಾರ್ಥಿಯು ವಾರಕ್ಕೆ ಏಳು ಮನೆಗಳನ್ನು ಹಿಡಿದು, ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದ ವಾರಾನ್ನದ ಪದ್ಧತಿಯೂ ಇದೇ ವರ್ಗಕ್ಕೆ ಸೇರಿದುದು. ಅದರ ಉಪಕಾರವು ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದಕ್ಕೆ ಎರಡು ಮೇರೆಗಳಿದ್ದವು: ಉಣ್ಣುವವನು ಉಣಿಸುವವನ ಮುಂದೆ ತಲೆಬಾಗಿರಬೇಕು, ಮತ್ತು ಒಳಪಂಕ್ತಿಯಲ್ಲಿ ಕೂಡಲು ಅವನ ಜಾತಿಯು ಒಪ್ಪಿಗೆಯಾಗಬೇಕು. ಬಡವನ ಹಸಿವು ಜಾತಿಯನ್ನು ಕೇಳಿಕೊಂಡು ಬರುತ್ತಿರಲಿಲ್ಲ. ಬಡಿಸುವ ಕೈ ಮಾತ್ರ ಕೇಳುತ್ತಿತ್ತು.

ಈ ಸ್ಥಿತಿಯನ್ನು ಬದಲಾಯಿಸಿದ ಕಾರಣಗಳಲ್ಲಿ ರೈಲುದಾರಿಯು ಮುಖ್ಯವಾದುದು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ದಾರಿಯೂ ಮದರಾಸಿನ ಕಡೆಯಿಂದ ಬಂದ ದಾರಿಯೂ ರಾಯಚೂರಿನಲ್ಲಿ ಕೂಡಿದವು. ಕಲಬುರಗಿ, ಯಾದಗಿರಿಗಳು ಈ ದಾರಿಯ ಮೇಲೆಯೇ ಇವೆ. ತರುವಾಯ ಅರಳೆಯ ಪೇಟೆಗಳು, ಗಿರಣಿಗಳು, ಕೋರ್ಟುಗಳು, ಪಾಠಶಾಲೆಗಳು ಹೆಚ್ಚಿದಂತೆ, ಮನೆಯನ್ನು ಬಿಟ್ಟು ಪರಸ್ಥಳದಲ್ಲಿ ತಿಂಗಳುಗಟ್ಟಲೆ ಇರುವ ಗುಮಾಸ್ತರು, ಕಕ್ಷಿದಾರರು, ಕೂಲಿಕಾರರು, ವಿದ್ಯಾರ್ಥಿಗಳು ಹುಟ್ಟಿಕೊಂಡರು. ಇಷ್ಟು ಮಂದಿಯನ್ನು ಪೋಷಿಸುವುದು ಸತ್ರಕ್ಕಾಗಲಿ ವಾರಾನ್ನಕ್ಕಾಗಲಿ ಸಾಧ್ಯವಿರಲಿಲ್ಲ. ತಿಂಗಳಿಗೆ ಇಷ್ಟು ಹಣವೆಂದು ಗೊತ್ತುಮಾಡಿ ಎರಡು ಹೊತ್ತು ಊಟ ಹಾಕುವ ಮನೆಗಳು ಧಾರವಾಡ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಕಲಬುರಗಿಗಳಲ್ಲಿ ಎದ್ದವು. ಬೇರೆ ಆಧಾರವಿಲ್ಲದ ಸ್ತ್ರೀಯರು ಒಲೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡು ಇಂಥ ಮನೆಗಳನ್ನು ನಡೆಸಿ ಮಕ್ಕಳನ್ನು ಬೆಳೆಸಿದುದುಂಟು. ಹಣವನ್ನು ಕೊಟ್ಟು ಉಂಡವನು ಯಾರಿಗೂ ಋಣಿಯಲ್ಲವೆಂಬ ಒಂದು ಹೊಸ ಮರ್ಯಾದೆಯು ಇಲ್ಲಿ ಉಂಟಾಯಿತು.

ಆದರೆ ಈ ಮರ್ಯಾದೆಯು ಮೊದಲಲ್ಲಿ ಎಲ್ಲರ ಪಾಲಿಗೆ ಬರಲಿಲ್ಲ. ಬ್ರಾಹ್ಮಣರ ಖಾನಾವಳಿ, ಲಿಂಗಾಯತರ ಖಾನಾವಳಿ ಎಂದು ಹಲಗೆಗಳ ಮೇಲೆ ಬರೆದಿರುತ್ತಿತ್ತು. ಹುಬ್ಬಳ್ಳಿ ಗದಗಗಳ ಸಾವಜಿ ಖಾನಾವಳಿಗಳು ಮಾಂಸದ ಅಡಿಗೆಗೆ ಹೆಸರಾದವು. ಹಲಗೆಯು ಅಡಿಗೆಯ ಬಗೆಯನ್ನು ಸೂಚಿಸುವವರೆಗೆ ಅದರಲ್ಲಿ ದೋಷವಿಲ್ಲ. ಒಳಗೆ ಬರತಕ್ಕವರು ಯಾರು, ಬರಬಾರದವರು ಯಾರು ಎಂಬುದನ್ನು ಅದು ಸೂಚಿಸತೊಡಗಿದಾಗ ಅನ್ನವೇ ಅವಮಾನಕ್ಕೆ ಸಾಧನವಾಯಿತು. ಹಣವನ್ನು ಹಿಡಿದು ಬಂದ ದಲಿತನು ಹೊರಗೆ ನಿಲ್ಲಬೇಕಾಯಿತು. ಅವನಿಗೆ ಬೇರೆ ಲೋಟ, ಬೇರೆ ಎಡೆ. ಅವನ್ನು ತೊಳೆದಿಡುವ ಕೆಲಸವೂ ಅವನದೇ. ಬೆಲೆಯನ್ನು ಪೂರ್ತಿಯಾಗಿ ತೆಗೆದುಕೊಂಡು ಮರ್ಯಾದೆಯನ್ನು ಮಾತ್ರ ಹಿಡಿದುಕೊಂಡ ಈ ವ್ಯವಹಾರವು ಯಾವ ಶಾಸ್ತ್ರದಿಂದಲೂ ಸಮರ್ಥನೀಯವಲ್ಲ.

1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿಗಳನ್ನೂ ಸಾರ್ವಜನಿಕ ಭೋಜನಗೃಹಗಳನ್ನೂ ಹೆಸರಿಸಿ, ಜಾತಿಮತಗಳ ನೆವದಿಂದ ಯಾರನ್ನೂ ಅಲ್ಲಿಂದ ತಡೆಯಕೂಡದೆಂದು ವಿಧಿಸಿತು; 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು; 1955ರ ಕಾಯಿದೆಯು ಅದನ್ನು ದಂಡನೀಯ ಅಪರಾಧವನ್ನಾಗಿ ಮಾಡಿತು. ಒಂದು ಮಹಾದೇಶದ ಮೂಲಶಾಸನದಲ್ಲಿ ಖಾನಾವಳಿಗೆ ಸ್ಥಾನ ದೊರೆತುದು ಸಾಮಾನ್ಯ ಸಂಗತಿಯಲ್ಲ. ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಎಷ್ಟು ದೊಡ್ಡ ವಿಷಯವೆಂಬುದನ್ನು ಅದನ್ನು ಕಳೆದುಕೊಂಡಿದ್ದವರು ಬಲ್ಲರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದಾಸೋಹದ ಪಂಕ್ತಿಯಲ್ಲಿ ಕುಲವನ್ನು ಕೇಳಲಿಲ್ಲ. ಆ ಬಸವಣ್ಣನ ಹೆಸರನ್ನೇ ನಾರಾಯಣಪುರದ ಜಲಾಶಯವು ಹೊತ್ತಿದೆ. ಆದಕಾರಣ ಅದರ ದಂಡೆಯ ಮೇಲಿನ ಯಾವ ಖಾನಾವಳಿಯಲ್ಲಿಯೂ ಯಾರಿಗೂ ಬೇರೆ ಲೋಟವಿರಲಾಗದು. ಇದ್ದರೆ ಆ ಹೆಸರಿಗೆ ಅಪಚಾರವಾದೀತು.

ಇನ್ನು ತಾಟಿನಲ್ಲಿರುವ ಪದಾರ್ಥಗಳ ವಿಚಾರ. ಇವೆಲ್ಲ ಅನಾದಿಕಾಲದಿಂದ ಬಂದವೆಂದು ಹೇಳುವುದು ರೂಢಿ. ಪರಿಶೀಲಿಸಿದರೆ ಒಂದೊಂದರ ವಯಸ್ಸೂ ಬೇರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿಯಾಗಲಿ, ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ಸೂಪಶಾಸ್ತ್ರದಲ್ಲಿಯಾಗಲಿ ಮೆಣಸಿನಕಾಯಿಯಿಲ್ಲ. ಖಾರವೆಂದರೆ ಆಗ ಕರಿಮೆಣಸು, ಶುಂಠಿ. ಮೆಣಸಿನಕಾಯಿಯು ಅಮೆರಿಕಾ ಖಂಡದಿಂದ ಪೋರ್ತುಗೀಜರ ಹಡಗುಗಳಲ್ಲಿ ಬಂದುದು. ಶೇಂಗಾ ಕೂಡ ಅದೇ ಖಂಡದ ಬೆಳೆ; ಅದು ಇಲ್ಲಿಯ ಹೊಲಗಳಲ್ಲಿ ವಿಸ್ತಾರವಾಗಿ ಹರಡಿದುದು ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ. ಅಂತೆಯೇ ಕೆಂಪುಖಾರವೂ ಶೇಂಗಾಹಿಂಡಿಯೂ ಈ ಪಂಕ್ತಿಗೆ ತಡವಾಗಿ ಬಂದ ಅತಿಥಿಗಳು. ಬದನೆ, ತೊಗರಿ, ಹೆಸರು, ಎಳ್ಳು, ಮೊಸರು ಇವು ಹಳಬರು. ಮಂಗರಸನು ಬದನೆಕಾಯಿಯ ಬಗೆಬಗೆಯ ಪಾಕಗಳನ್ನು ವಿವರಿಸಿದ್ದಾನೆ.

ಜೋಳದ ಮೂಲವು ಆಫ್ರಿಕಾ ಖಂಡವೆಂದು ವಿದ್ವಾಂಸರ ನಿರ್ಣಯ. ಆದರೆ ಅದು ಸಹಸ್ರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದು ಈ ಕರಿಯ ಮಣ್ಣಿನ ಮಗುವಾಯಿತು. ಕನ್ನಡ ಭಾಷೆಯೇ ಇದಕ್ಕೆ ಸಾಕ್ಷಿ. ಒಡೆಯನ ಅನ್ನವನ್ನುಂಡವನು ಪ್ರಾಣವನ್ನಾದರೂ ಕೊಟ್ಟು ತೀರಿಸಬೇಕಾದ ಋಣಕ್ಕೆ ಹಳಗನ್ನಡದಲ್ಲಿ ಜೋಳವಾಳಿ ಎಂದು ಹೆಸರು. ಹತ್ತನೆಯ ಶತಮಾನದ ಪಂಪನ ಕಾವ್ಯದಲ್ಲಿಯೂ ಈ ಭಾವನೆಯುಂಟು. ಅಕ್ಕಿಯ ಹೆಸರಿನಲ್ಲಿ ಇಂಥ ಮಾತು ಪ್ರಸಿದ್ಧವಾಗಲಿಲ್ಲ, ಜೋಳದ ಹೆಸರಿನಲ್ಲಿ ಆಯಿತು. ನಿಷ್ಠೆಯೆಂಬ ದೊಡ್ಡ ಗುಣಕ್ಕೆ ದಿನದ ಊಟದ ಕಾಳೇ ಹೆಸರಾಗುವುದು, ಅದು ಸಮಸ್ತರ ಆಹಾರವಾಗಿದ್ದಾಗ ಮಾತ್ರ ಸಂಭವಿಸುವ ಸಂಗತಿ.

ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಆದುದರಿಂದ ಕುದಿಯುವ ನೀರನ್ನು ಹೊಯ್ದು, ಚೆನ್ನಾಗಿ ನಾದಿ, ಅಂಗೈಯಿಂದ ತಟ್ಟಿ ಬಡಿದೇ ಅಗಲಿಸಬೇಕು. ಹಂಚಿನ ಮೇಲೆ ಹಾಕಿ ಒದ್ದೆಯ ಅರಿವೆಯಿಂದ ಮೇಲನ್ನು ಸವರಿ, ತಿರುವಿಹಾಕಿ ಉಬ್ಬಿಸಬೇಕು. ತೆಳ್ಳಗೆ ಬಡಿದು ಒಣಗಿಸಿದ ಕಟಿರೊಟ್ಟಿಯು ವಾರಗಟ್ಟಲೆ ಕೆಡದು. ದಂಡಿಗೂ ದಾರಿಗೂ ಇದಕ್ಕಿಂತ ಯೋಗ್ಯವಾದ ಬುತ್ತಿ ಯಾವುದು? 1565ರಲ್ಲಿ ನಡೆದು ತಾಳಿಕೋಟೆಯ ಹೆಸರನ್ನು ಪಡೆದ ಮಹಾಯುದ್ಧದ ರಂಗವೆಂದು ಹೇಳುವ ರಕ್ಕಸಗಿ ತಂಗಡಗಿಗಳು ಇದೇ ನದಿಯ ಮೇಲ್ಭಾಗದಲ್ಲಿವೆ. ಆ ಯುದ್ಧದ ವೃತ್ತಾಂತಗಳಲ್ಲಿ ಆನೆಗಳೂ ತೋಪುಗಳೂ ಎಣಿಸಲ್ಪಟ್ಟಿವೆ. ಆ ದಂಡುಗಳಿಗೆ ರೊಟ್ಟಿ ಮಾಡಿದ ಕೈಗಳನ್ನು ಎಣಿಸಿದವರಿಲ್ಲ.

ಈಗಿನ ಪ್ರಶ್ನೆಯು ಇದಕ್ಕಿಂತ ಗಂಭೀರವಾದುದು. ಈ ಸೀಮೆಯ ಹಿಂಗಾರಿ ಜೋಳವನ್ನು ಮಳೆಗಾಲದ ಕಡೆಯಲ್ಲಿ ಬಿತ್ತುವರು. ಕರಿಯ ಭೂಮಿಯು ಹಿಡಿದಿಟ್ಟ ಹಸಿಯಿಂದಲೂ ಚಳಿಗಾಲದ ಇಬ್ಬನಿಯಿಂದಲೂ ಅದು ಬೆಳೆಯುವುದು. ಕಾಲುವೆಯನ್ನು ಬೇಡದ ಬೆಳೆ ಇದು. ಬಸವಸಾಗರದ ಎಡದಂಡೆಯ ಕಾಲುವೆಯು ಸುರಪುರ ಶಹಾಪುರಗಳ ಕಡೆಗೆ ಹರಿದ ಮೇಲೆ ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ರೈತನ ಕೈಯಲ್ಲಿ ಹಣವಾಡಿತು. ಬರದ ಭಯವು ಕುಗ್ಗಿತು. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾಗುವುದು. ಆದರೆ ನೀರು ಹೆಚ್ಚಾಗಿ ನಿಂತೆಡೆಯಲ್ಲಿ ಭೂಮಿಯು ಸವುಳಾಯಿತು. ದನಗಳಿಗೆ ಜೋಳದ ಕಣಿಕೆಯು ತಪ್ಪಿತು. ಮಕ್ಕಳು ಸೀತನಿಯ ಕಾಲವನ್ನು ಮರೆತರು. ಮನೆಗೆ ಬರುವ ಪಡಿತರದಲ್ಲಿಯೂ ಅಕ್ಕಿಯೇ ಪ್ರಧಾನವಾಯಿತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿ ಜೋಳವನ್ನೂ ಅದರಲ್ಲಿ ಸೇರಿಸಿತು. ಅಷ್ಟು ಹೊತ್ತಿಗೆ ಜೋಳದ ನಾಡಿನ ಅನೇಕ ಮನೆಗಳಲ್ಲಿ ರೊಟ್ಟಿ ಬಡಿಯುವ ಕೈಗಳು ವಿರಳವಾಗಿದ್ದವು.

ಆದುದರಿಂದ ಒಂದು ವಿಪರ್ಯಾಸವು ಸಂಭವಿಸಿದೆ. ಹಿಂದೆ ಮನೆಯಲ್ಲಿ ರೊಟ್ಟಿಯಿತ್ತು. ಮನೆಯಿಲ್ಲದವನು ಖಾನಾವಳಿಗೆ ಹೋಗುತ್ತಿದ್ದನು. ಈಗ ಮನೆಯಿದ್ದವನೂ ರೊಟ್ಟಿಗಾಗಿ ಖಾನಾವಳಿಗೆ ಹೋಗುತ್ತಿದ್ದಾನೆ. ಮನೆಯ ಒಲೆಯು ಬಿಟ್ಟುಕೊಟ್ಟ ವಿದ್ಯೆಯನ್ನು ಬೆಲೆಯ ಒಲೆಯು ಕಾಪಾಡುತ್ತಿದೆ. ಒಂದು ಕಾಲದಲ್ಲಿ ಅನ್ನವನ್ನು ಮಾರುವ ಮನೆಯೆಂದು ಕೀಳಾಗಿ ಕಾಣಲ್ಪಟ್ಟ ಸ್ಥಳವೇ ನಾಡಿನ ಆಹಾರಕ್ಕೆ ಭಂಡಾರವಾದುದು ಕಾಲದ ಮಹಿಮೆ.

ಆ ಭಂಡಾರವನ್ನು ಉಳಿಸತಕ್ಕವರು ಅದರ ಒಡೆಯರು ಮಾತ್ರವಲ್ಲ. ಹೊಗೆಯಲ್ಲಿ ಕುಳಿತು ದಿನಕ್ಕೆ ನೂರಾರು ರೊಟ್ಟಿಗಳನ್ನು ಬಡಿಯುವ ಸ್ತ್ರೀಯರ ಕೂಲಿಯು ನ್ಯಾಯವಾದುದಾಗಬೇಕು. ಒಣಭೂಮಿಯಲ್ಲಿ ಜೋಳವನ್ನು ಬಿತ್ತುವ ರೈತನಿಗೆ ಬತ್ತದ ರೈತನಿಗಿಂತ ಕಡಿಮೆಯಲ್ಲದ ಆದರವು ದೊರೆಯಬೇಕು. ಪಂಕ್ತಿಯಲ್ಲಿ ಯಾವನಿಗೂ ಸ್ಥಳವಿಲ್ಲವೆಂಬ ಮಾತು ಬರಕೂಡದು. ಪೂರ್ವದಲ್ಲಿ ಜೋಳವಾಳಿಯು ಉಂಡವನು ಒಡೆಯನಿಗೆ ಸಲ್ಲಿಸುವ ಋಣವಾಗಿತ್ತು. ಈಗ ಆ ಒಡೆಯರಿಲ್ಲ. ಋಣವಾದರೋ ಉಳಿದೇ ಇದೆ. ಬಿತ್ತಿದವನಿಗೂ ಬಡಿದವಳಿಗೂ ಪಕ್ಕದಲ್ಲಿ ಕುಳಿತವನಿಗೂ ಅದು ಸಲ್ಲತಕ್ಕದ್ದು. ನಾರಾಯಣಪುರದ ಖಾನಾವಳಿಯಲ್ಲಿ ಉಂಡು ಕೈತೊಳೆದು ಏಳುವವನು ರೊಟ್ಟಿಯ ಹಣದೊಡನೆ ಇಷ್ಟನ್ನು ನೆನೆದರೆ ಆ ಋಣದ ಮೊದಲ ಕಂತು ಸಂದಂತಾಗುವುದು.