ಎಳೆದು ಬಿಟ್ಟ ಪಟ್ಟಿಯ ಕ್ರಮ ಉಳಿಯುವುದು ಹೇಗೆ?

ಜಾಲಪುಟವೊಂದರಲ್ಲಿ ನೀವು ಮಾಡಬೇಕಾದ ಕೆಲಸಗಳ ಪಟ್ಟಿ ಇದೆ ಎಂದುಕೊಳ್ಳಿ. ಹತ್ತನೆಯ ಕೆಲಸವನ್ನು ಮೌಸ್‌ನಿಂದ ಎಳೆದು ಎರಡನೆಯ ಸ್ಥಾನದಲ್ಲಿ ಬಿಡುತ್ತೀರಿ. ಉಳಿದವು ಕೆಳಗೆ ಸರಿಯುತ್ತವೆ. ನಾಳೆ ತೆರೆದಾಗಲೂ ಇದೇ ಕ್ರಮ ಇರಬೇಕಲ್ಲವೆ? ಎಳೆಯುವುದು ಸುಲಭ, ಕ್ರಮವನ್ನು ಉಳಿಸುವುದು ಕಷ್ಟ. ಎರಡಕ್ಕೂ ಬೇರೆ ಬೇರೆ ಇತಿಹಾಸವಿದೆ.

1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಮೌಸನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಅಂಗಡಿಯಿಂದ ತರಬೇಕಾದ ಸಾಮಾನುಗಳ ಪಟ್ಟಿಯನ್ನು ಪರದೆಯ ಮೇಲೆ ಮರುಜೋಡಿಸಿ ತೋರಿಸಿದರು. 1981ರ ಜೆರಾಕ್ಸ್ ಸ್ಟಾರ್ ಗಣಕದಲ್ಲಿ ವಸ್ತುವನ್ನು ಸರಿಸಲು ಪ್ರತ್ಯೇಕ ಕೀಲಿ ಇತ್ತು. ಒತ್ತಿಹಿಡಿದು ಎಳೆಯುವ ವಿಧಾನವನ್ನು ಜನಪ್ರಿಯಗೊಳಿಸಿದ್ದು 1984ರ ಮ್ಯಾಕಿಂತೋಶ್. ಜಾಲಪುಟದ ಪಟ್ಟಿಗಳಿಗೆ ಈ ಸೌಲಭ್ಯವನ್ನು ಸುಲಭವಾಗಿಸಿದ ತಂತ್ರಾಂಶಗಳಲ್ಲಿ 2005ರ ಸ್ಕ್ರಿಪ್ಟಾಕ್ಯುಲಸ್ ಒಂದು.

ಇನ್ನು ಕ್ರಮದ ಕಥೆ. 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ದತ್ತಸಂಚಯ ಮಾದರಿಯಲ್ಲಿ ದಾಖಲೆಗಳಿಗೆ ತಮ್ಮದೇ ಆದ ಕ್ರಮವಿಲ್ಲ. ಆದ್ದರಿಂದ ಪ್ರತಿಯೊಂದಕ್ಕೂ ಸ್ಥಾನಸಂಖ್ಯೆಯನ್ನು ಬರೆದಿಡಬೇಕು. ಹತ್ತನೆಯದನ್ನು ಎರಡನೆಯದಾಗಿಸಿದರೆ 9 ದಾಖಲೆಗಳನ್ನು ತಿದ್ದಬೇಕು. ಸಾವಿರದಲ್ಲಿ ಕೊನೆಯದನ್ನು ಮೊದಲಿಗೆ ತಂದರೆ ಸಾವಿರವನ್ನೂ ತಿದ್ದಬೇಕು!

ಇದು ಗಣಕಕ್ಕಿಂತ ಹಳೆಯ ಸಮಸ್ಯೆ. ಹಿಂದೆ ಅನೇಕ ಗ್ರಂಥಾಲಯಗಳಲ್ಲಿ ಪುಸ್ತಕದ ಸಂಖ್ಯೆಯೆಂದರೆ ಕಪಾಟಿನ ನಿಶ್ಚಿತ ಜಾಗ. 1876ರಲ್ಲಿ ಮೆಲ್ವಿಲ್ ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಪ್ರಕಟಿಸಿದ ಮೇಲೆ, ಎರಡು ಸಂಖ್ಯೆಗಳ ನಡುವೆ ಹೊಸದನ್ನು ಸೇರಿಸುವುದು ಸಾಧ್ಯವಾಯಿತು. 1964ರ ಬೇಸಿಕ್ ಭಾಷೆಯ ಬಳಕೆದಾರರು ಸಾಲುಗಳಿಗೆ 10, 20, 30 ಎಂದು ಸಂಖ್ಯೆ ಕೊಡುತ್ತಿದ್ದುದೂ ನಡುವೆ ಜಾಗ ಇರಲೆಂದೇ.

ಪಟ್ಟಿಗೂ ಇದೇ ಉಪಾಯ. 1 ಮತ್ತು 2ರ ನಡುವೆ ಬಂದದ್ದಕ್ಕೆ 1.5 ಎಂದು ಕೊಟ್ಟರೆ ತಿದ್ದುವುದು ಒಂದೇ ದಾಖಲೆ. ಆದರೆ 64 ಬಿಟ್‌ಗಳ ದಶಮಾಂಶ ಸಂಖ್ಯೆಯಲ್ಲಿ 1ರ ಪಕ್ಕಕ್ಕೇ ಹೀಗೆ ಅರ್ಧಿಸುತ್ತ ಹೋದರೆ 52 ಬಾರಿಗೆ ಜಾಗ ಮುಗಿಯುತ್ತದೆ. ಆಗ ಎಲ್ಲಕ್ಕೂ ಹೊಸ ಸಂಖ್ಯೆ ಕೊಡಬೇಕು. ಸಂಖ್ಯೆಯ ಬದಲು ಅಕ್ಷರಗಳನ್ನು ಬಳಸುವುದು ಇನ್ನೊಂದು ದಾರಿ. ನಿಘಂಟಿನಲ್ಲಿ ‘ಕಮಲ’ ಮತ್ತು ‘ಕರಡಿ’ಗಳ ನಡುವೆ ‘ಕಮಲಾಕ್ಷ’ ಸೇರುವಂತೆ, ಪದವನ್ನು ಉದ್ದಮಾಡಿದಷ್ಟೂ ಜಾಗ ಸಿಗುತ್ತದೆ.

ಕೈ ನಡುಗುವವರಿಗೆ ಎಳೆಯುವುದೇ ಕಷ್ಟ. 2023ರ ಜಾಲ ಸುಗಮತೆಯ ಮಾರ್ಗಸೂಚಿ, ಎಳೆಯದೆಯೂ ಕೆಲಸ ಮಾಡುವ ದಾರಿ ಇರಬೇಕೆನ್ನುತ್ತದೆ. ನೀವು ಪಟ್ಟಿಯೊಂದನ್ನು ರೂಪಿಸುವಾಗ ‘ಮೇಲೆ’, ‘ಕೆಳಗೆ’ ಎಂಬ ಎರಡು ಗುಂಡಿಗಳನ್ನೂ ಇಡಿ.