ಮಹಾಪ್ರಬಂಧದ ಕಾಲಮಿತಿಯೂ ಕರಾವಳಿಯ ಮಳೆಗಾಲವೂ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಉನ್ನತ ವ್ಯಾಸಂಗಾರ್ಥಿಗಳು ಮೊದಲು ಮುಂಬಯಿ ವಿಶ್ವವಿದ್ಯಾನಿಲಯವನ್ನೂ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಧಾರವಾಡವನ್ನೂ ಆಶ್ರಯಿಸಿದರು. ದೂರ ತಗ್ಗಿತು, ಘಟ್ಟವು ಮಾತ್ರ ಉಳಿಯಿತು.

ಈ ಸೀಮೆಯ ಇತಿಹಾಸವನ್ನೇ ವಿಷಯವಾಗಿ ಆಯ್ದುಕೊಂಡವರಿಗೆ ಆಕರಗಳೆಲ್ಲವೂ ಗ್ರಂಥಾಲಯದಲ್ಲಿ ದೊರೆಯಲಾರವು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನ ಗುರುಪೀಠವಿದ್ದ ಹಾಡುವಳ್ಳಿ, ಗೇರುಸೊಪ್ಪೆಯ ಚತುರ್ಮುಖ ಬಸದಿ ಎರಡೂ ಕಾಡಿನ ಸೆರಗಿನಲ್ಲಿವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಾಚಿಗಟ್ಟಿದ ಶಿಲೆಯಿಂದ ಪಡಿಯಚ್ಚು ತೆಗೆಯುವುದು ದುಸ್ಸಾಧ್ಯ. ಕಲ್ಲಿಗೆ ಹಚ್ಚಿದ ಕಾಗದ ಒಣಗುವುದೇ ಇಲ್ಲ. ವರ್ಷಕ್ಕೆ ನಾಲ್ಕು ತಿಂಗಳಂತೆ, ಆರು ವರ್ಷಗಳಲ್ಲಿ ಕಳೆಯುವುದು 24 ತಿಂಗಳು.

ವಿಳಂಬಕ್ಕೂ ಕಾರಣಗಳಿರುತ್ತವೆಂಬುದನ್ನು ನಿಯಮಗಳು ಒಪ್ಪಿದ್ದು ಮೆಲ್ಲಮೆಲ್ಲನೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2016ರ ನಿಯಮಾವಳಿಯು ಪಿಎಚ್.ಡಿ.ಗೆ ಆರು ವರ್ಷಗಳ ಮೇರೆಯನ್ನಿಟ್ಟು, ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಎರಡು ವರ್ಷಗಳ ವಿನಾಯಿತಿಯನ್ನು ನೀಡಿತು. 2020ರಲ್ಲಿ ಕೋವಿಡ್ ನಿಮಿತ್ತ ಆರು ತಿಂಗಳು ದೊರೆಯಿತು. 2022ರ ನಿಯಮಾವಳಿಯಂತೂ ಮರುನೋಂದಣಿಯ ಮೂಲಕ ಯಾರಿಗಾದರೂ ಇನ್ನೆರಡು ವರ್ಷಗಳನ್ನು ಕೊಡಬಹುದೆಂದಿತು. ಹಿಂದಿನ ವಿನಾಯಿತಿಯುಳ್ಳವರಿಗೆ ಒಟ್ಟು ಹತ್ತು ವರ್ಷಗಳವರೆಗೆ.

ಕೊಡಬಹುದೆಂದರೆ ಕೊಡಲೇಬೇಕೆಂದಲ್ಲ. ಆದುದರಿಂದ ಕಾಲಾವಕಾಶವನ್ನು ಕೋರುವ ಮನವಿಯಲ್ಲಿ ‘ಅನಿವಾರ್ಯ ಕಾರಣಗಳಿಂದ’ ಎಂಬ ಸವೆದ ಮಾತಿಗಿಂತ, ನೋಡಿದ ಶಾಸನಗಳೆಷ್ಟು, ಉಳಿದವೆಷ್ಟು, ಯಾವ ತಿಂಗಳುಗಳಲ್ಲಿ ಕ್ಷೇತ್ರಕಾರ್ಯ ನಿಂತಿತು ಎಂಬುದನ್ನು ಬರೆಯುವುದೇ ಲೇಸೆಂದು ನಮ್ಮ ಅಭಿಪ್ರಾಯ. ಮೊದಲ ಮಳೆಗಾಲದಿಂದಲೇ ಅಂಥದೊಂದು ದಿನಚರಿಗೆ ಮಾರ್ಗದರ್ಶಕರ ಸಹಿ ಬೀಳುತ್ತಿರಲಿ; ಆರನೆಯ ವರ್ಷದಲ್ಲಿ ಅದನ್ನು ನೆನಪಿನಿಂದ ಬರೆದರೆ ಯಾವ ಸಮಿತಿಯೂ ನಂಬಲಾರದು.