ಕೀಲೆಣ್ಣೆಯಿಂದ 10ಡಬ್ಲ್ಯೂ30ರವರೆಗೆ: ಬೈಕಿನ ಆಯಿಲ್‌ಗೂ ಒಂದು ಇತಿಹಾಸವಿದೆ

‘ಬೈಕಿಗೆ ಯಾವ ಆಯಿಲ್ ಹಾಕಿಸಲಿ?’ ಅಂತ ಊರಲ್ಲಿ ನಾಲ್ಕು ಜನರನ್ನು ಕೇಳಿ ನೋಡಿ. ಒಬ್ಬರು ‘ಗಟ್ಟಿ ಆಯಿಲ್ ಹಾಕ್ಸು, ಎಂಜಿನ್ ತಡೆಯುತ್ತೆ’ ಅಂತಾರೆ. ಇನ್ನೊಬ್ಬರು ‘ಟ್ರ್ಯಾಕ್ಟರಿಗೆ ತಂದದ್ದು ಮಿಕ್ಕಿದೆಯಲ್ಲ, ಅದನ್ನೇ ಸುರಿ’ ಅಂತಾರೆ. ಮೂರನೆಯವರು ‘ರೇಟು ಜಾಸ್ತಿ ಇರೋದೇ ಒಳ್ಳೇದು’ ಅಂತಾರೆ. ನಾಲ್ಕನೆಯವರು ‘ಎಲ್ಲಾ ಒಂದೇ ಎಣ್ಣೆ ಕಣಪ್ಪಾ’ ಎಂದು ಎದ್ದು ಹೋಗುತ್ತಾರೆ.

ಇವರ್ಯಾರೂ ದಡ್ಡರಲ್ಲ. ಈ ಮಾತುಗಳಲ್ಲಿ ಹೆಚ್ಚಿನವು ಹಿಂದಿನ ಗಾಡಿಗಳ ಅನುಭವದಿಂದ ಬಂದವು. ಗಾಡಿ ಬದಲಾಯಿತು, ಮಾತು ಹಾಗೇ ಉಳಿಯಿತು. ಡೇರಿಗೆ ಹಾಲು, ಸಂತೆಗೆ ಸೊಪ್ಪು, ಕೂಲಿಗೆ ಪಟ್ಟಣ ಎಂದು ಬೈಕನ್ನೇ ನಂಬಿದ ಮನೆಯಲ್ಲಿ ಎಂಜಿನ್ ಬಿಚ್ಚಿಸುವ ಖರ್ಚು ಬಂದರೆ ತಿಂಗಳ ದುಡಿಮೆಯೇ ಹೋಗುತ್ತದೆ. ಅದಕ್ಕೇ ಈ ಆಯಿಲ್‌ನ ಕಥೆಯನ್ನು ಮೊದಲಿಂದ ಹೇಳುತ್ತಿದ್ದೇವೆ.

ಹರಳೆಣ್ಣೆಯ ಕಾಲ

ಎತ್ತಿನ ಗಾಡಿ ಇದ್ದ ಮನೆಯವರಿಗೆ ಕೀಲೆಣ್ಣೆ ಗೊತ್ತು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಬೆರೆಸಿ ಅಚ್ಚಿಗೆ ಬಳಿಯುತ್ತಿದ್ದರು. ಉತ್ತರ ಕರ್ನಾಟಕದವರು ಇದೇ ಎಣ್ಣೆಯನ್ನು ಔಡಲೆಣ್ಣೆ ಅಂತಾರೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಸವೆಯುತ್ತದೆ, ನಡುವೆ ಎಣ್ಣೆಯ ಪದರ ಇರಬೇಕು. ಇವತ್ತಿನ ಎಂಜಿನ್ ಆಯಿಲ್‌ನ ಮೊದಲ ಕೆಲಸವೂ ಇಷ್ಟೇ.

ಆಶ್ಚರ್ಯ ಎಂದರೆ, ಮೊದಮೊದಲ ಮೋಟಾರು, ವಿಮಾನಗಳ ಎಂಜಿನ್ನಿಗೂ ಇದೇ ಹರಳೆಣ್ಣೆ ಬಳಕೆಯಾಗಿತ್ತು. ಲಂಡನ್ನಿನಲ್ಲಿ 1899ರಲ್ಲಿ ಎಣ್ಣೆ ಕಂಪನಿ ಕಟ್ಟಿದ ಚಾರ್ಲ್ಸ್ ವೇಕ್‌ಫೀಲ್ಡ್ 1909ರಲ್ಲಿ ತನ್ನ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟ. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ಎನ್ನುತ್ತಾರಲ್ಲ, ಆ ಹೆಸರು ಬಂದದ್ದು ಅಲ್ಲಿಂದಲೇ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳು ಹಾರಿದ್ದು ಈ ಎಣ್ಣೆಯ ಬಲದಲ್ಲಿ.

ಹರಳೆಣ್ಣೆ ಶಾಖ ತಡೆಯುತ್ತಿತ್ತು. ಆದರೆ ದಿನ ಕಳೆದಂತೆ ಎಂಜಿನ್ನಿನೊಳಗೆ ಗೋಂದಿನಂತೆ ಅಂಟಿಕೊಳ್ಳುತ್ತಿತ್ತು. ಹೀಗಾಗಿ ಕಚ್ಚಾತೈಲದಿಂದ ಬಂದ ಎಣ್ಣೆ ಅದರ ಜಾಗ ಹಿಡಿಯಿತು.

ಡಬ್ಬಿಯ ಮೇಲಿನ ಅಂಕಿ

ಎಣ್ಣೆ ಎಷ್ಟು ಗಟ್ಟಿ, ಎಷ್ಟು ತೆಳು ಎಂದು ಎಲ್ಲರೂ ಒಂದೇ ಲೆಕ್ಕದಲ್ಲಿ ಹೇಳಬೇಕಲ್ಲ? ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ 1911ರಲ್ಲಿ ಇದಕ್ಕೆ ಅಂಕಿಗಳ ಪದ್ಧತಿ ತಂದಿತು. ಅಂಕಿ ದೊಡ್ಡದಾದಷ್ಟೂ ಎಣ್ಣೆ ಗಟ್ಟಿ.

ಆಮೇಲೆ ಚಳಿಯ ಸಮಸ್ಯೆ ಎದ್ದಿತು. ಬೆಲ್ಲದ ಪಾಕ ನೆನೆಸಿಕೊಳ್ಳಿ. ಬಿಸಿ ಇದ್ದಾಗ ನೀರಿನಂತೆ ಹರಿಯುತ್ತದೆ, ಆರಿದರೆ ಸೌಟಿಗೇ ಅಂಟುತ್ತದೆ. ಎಣ್ಣೆಯೂ ಹಾಗೇ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ತೀರಾ ಗಟ್ಟಿ ಇದ್ದರೆ ಮೇಲಿನ ಭಾಗಗಳಿಗೆ ಬೇಗ ಏರುವುದಿಲ್ಲ. ಕಾದ ಮೇಲೆ ತೀರಾ ತೆಳುವಾದರೆ ಪದರ ನಿಲ್ಲುವುದಿಲ್ಲ. 1950ರ ದಶಕದಲ್ಲಿ ಬಳಕೆಗೆ ಬಂದ ಮಲ್ಟಿಗ್ರೇಡ್ ಆಯಿಲ್ ಇದಕ್ಕೆ ಪರಿಹಾರವಾಯಿತು. ಕಾದರೂ ಅದು ಅಷ್ಟಾಗಿ ತೆಳುವಾಗುವುದಿಲ್ಲ.

20ಡಬ್ಲ್ಯೂ40 ಎಂದರೆ ಇದೇ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿದ್ದಾಗಿನ ಗುಣ ಹೇಳುತ್ತದೆ, ಮುಂದಿನದು ಕಾದಾಗಿನ ಗುಣ.

ಜಾವಾ, ಯೆಜ್ದಿ ದಿನಗಳು

1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಜಾವಾ, ಆಮೇಲೆ ಯೆಜ್ದಿ. ಎರಡೂ ಟೂ ಸ್ಟ್ರೋಕ್ ಗಾಡಿಗಳು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಕ್ರ್ಯಾಂಕ್ ಇರುವ ಕೆಳಗಿನ ಕೋಣೆಯ ಮೂಲಕವೇ ಹಾದುಹೋಗುತ್ತವೆ. ಅಲ್ಲಿ ಆಯಿಲ್ ತುಂಬಿಡಲು ಬರುವುದಿಲ್ಲ. ಹಾಗಾಗಿ ಪೆಟ್ರೋಲಿಗೇ ಟೂಟಿ ಆಯಿಲ್ ಬೆರೆಸಬೇಕಿತ್ತು, ಲೀಟರಿಗೆ ಸುಮಾರು 30ರಿಂದ 40 ಎಂಎಲ್. ಆ ಆಯಿಲ್ ಪೆಟ್ರೋಲ್ ಜೊತೆ ಉರಿದುಹೋಗುತ್ತಿತ್ತು. ಹಿಂದಿನಿಂದ ಬರುತ್ತಿದ್ದ ನೀಲಿ ಹೊಗೆ ಅದರದ್ದೇ. ಗೇರ್ ಬಾಕ್ಸಿಗೆ ಬೇರೆ ಆಯಿಲ್. ಹಳೆಯ ಬುಲೆಟ್ಟು ಫೋರ್ ಸ್ಟ್ರೋಕ್ ಆದರೂ ಅದರಲ್ಲೂ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರಕ್ಕೂ ಬೇರೆ ಬೇರೆ ಜಾಗದಲ್ಲಿ ಆಯಿಲ್ ಇರುತ್ತಿತ್ತು.

ಎಂಜಿನ್ ಆಯಿಲ್ ಕ್ಲಚ್ಚಿಗೆ ಹೋಗುವ ಮಾತೇ ಇಲ್ಲದ್ದರಿಂದ, ಎಂಜಿನ್ನಿಗೆ ಯಾವುದು ಹಾಕಿದರೂ ಕ್ಲಚ್ ಕೆಡುತ್ತಿರಲಿಲ್ಲ. ‘ಎಲ್ಲಾ ಒಂದೇ ಎಣ್ಣೆ’ ಎಂಬ ಮಾತು ಆ ಗಾಡಿಗಳಲ್ಲಿ ಹೇಗೋ ನಡೆದುಹೋಗುತ್ತಿತ್ತು.

ಮರೆವು ಶುರುವಾದದ್ದು

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, 1994ರಲ್ಲಿ ಸ್ಪ್ಲೆಂಡರ್. ಫೋರ್ ಸ್ಟ್ರೋಕ್, ಒಳ್ಳೆಯ ಮೈಲೇಜ್. ಪೆಟ್ರೋಲ್ ತುಂಬಿ, ಮುಚ್ಚಿ, ಮರೆತುಬಿಡಿ ಎನ್ನುವ ಅರ್ಥದ ಜಾಹೀರಾತು ಮನೆಮಾತಾಯಿತು. ಅತ್ತ ದೆಹಲಿಯ ಹೊಗೆಯ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1998ರಲ್ಲಿ ಅಲ್ಲಿ ಬಿಡಿ ಟೂಟಿ ಆಯಿಲ್ ಮಾರಾಟ ನಿಲ್ಲಿಸಲು ಆದೇಶವಾಯಿತು. ಇತ್ತ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತ್ತು. ಟೂ ಸ್ಟ್ರೋಕ್ ಬೈಕುಗಳ ಕಾಲ ಮುಗಿಯುತ್ತಾ ಬಂತು.

ಇಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು, ನಮ್ಮಲ್ಲಿ ಬಹಳಷ್ಟು ಜನ ಅದನ್ನು ಗಮನಿಸಲೇ ಇಲ್ಲ. ಯೆಜ್ದಿಯವರು ಪೆಟ್ರೋಲ್ ಹಾಕಿಸಿದಾಗಲೆಲ್ಲ ಆಯಿಲ್ ಹಾಕಿಸುತ್ತಿದ್ದರು. ಮರೆತರೆ ಸ್ವಲ್ಪ ದೂರದಲ್ಲೇ ಪಿಸ್ಟನ್ ಜಾಮ್. ಗಾಡಿಯೇ ಪಾಠ ಕಲಿಸುತ್ತಿತ್ತು. ಫೋರ್ ಸ್ಟ್ರೋಕ್ ಬೈಕಿನಲ್ಲಿ ಆಯಿಲ್ ಕೆಳಗೆ ಕಣ್ಣಿಗೆ ಕಾಣದಂತೆ ಇರುತ್ತದೆ. ನೂರು ಸಿಸಿ ಗಾಡಿಯಲ್ಲಿ ಒಂದು ಲೀಟರಿಗಿಂತಲೂ ತುಸು ಕಡಿಮೆ. ಅದು ಕಡಿಮೆಯಾದರೂ, ಹಾಳಾದರೂ ಬಹುತೇಕ ಸಣ್ಣ ಬೈಕುಗಳಲ್ಲಿ ಎಚ್ಚರಿಸಲು ಒಂದು ದೀಪವೂ ಇಲ್ಲ. ಎಂಜಿನ್ ತಿಂಗಳುಗಟ್ಟಲೆ ಸದ್ದಿಲ್ಲದೆ ಸವೆಯುತ್ತದೆ. ಶಬ್ದ ಕೇಳಿಸುವ ಹೊತ್ತಿಗೆ ಬೋರ್ ಹೋಗಿರುತ್ತದೆ. ಜಾಹೀರಾತು ಮರೆಯಲು ಹೇಳಿದ್ದು ಪೆಟ್ರೋಲ್ ಬಂಕನ್ನು. ನಾವು ಆಯಿಲನ್ನೂ ಮರೆತೆವು.

ಕಾರಿನ ಆಯಿಲ್ ತಂದ ತಕರಾರು

ಇವತ್ತಿನ ಗೇರ್ ಬೈಕಿನಲ್ಲಿ ಸಾಮಾನ್ಯವಾಗಿ ಒಂದೇ ಆಯಿಲ್ ಮೂರು ಕೆಲಸ ಮಾಡುತ್ತದೆ: ಎಂಜಿನ್, ಗೇರ್, ಕ್ಲಚ್. ಕ್ಲಚ್ ಪ್ಲೇಟುಗಳು ಆ ಆಯಿಲ್‌ನಲ್ಲೇ ನೆನೆದಿರುತ್ತವೆ. ಎಂಜಿನ್ ನುಣ್ಣಗೆ ಜಾರಬೇಕು, ಕ್ಲಚ್ ಮಾತ್ರ ಜಾರದೆ ಹಿಡಿಯಬೇಕು. ಎರಡನ್ನೂ ಒಂದೇ ಎಣ್ಣೆ ನಿಭಾಯಿಸಬೇಕು.

ಕಾರಿನ ಕ್ಲಚ್ ಸಾಮಾನ್ಯವಾಗಿ ಒಣದು. ಹಾಗಾಗಿ ಕಾರಿನ ಆಯಿಲ್ ಮಾಡುವವರು ಮೈಲೇಜ್ ಹೆಚ್ಚಿಸಲು ಹೆಚ್ಚು ಜಾರುವ ರಾಸಾಯನಿಕ ಸೇರಿಸುತ್ತಾ ಹೋದರು. ಅಂಥ ಆಯಿಲ್ ಬೈಕಿಗೆ ಬಿದ್ದರೆ ಕ್ಲಚ್ ಸ್ಲಿಪ್ ಆಗುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇದಕ್ಕಾಗಿಯೇ ಜಪಾನಿನ ಜಾಸೊ ಸಂಸ್ಥೆ 1998ರಲ್ಲಿ ಬೈಕಿನ ಆಯಿಲ್‌ಗೆ ಬೇರೆ ಮಾನದಂಡ ತಂದಿತು. ಕ್ಲಚ್ ಹಿಡಿತದ ಪರೀಕ್ಷೆ ಮಾಡಿ ಎಂಎ, ಎಂಬಿ ಎಂದು ವಿಂಗಡಿಸಿತು.

ಟ್ರ್ಯಾಕ್ಟರ್ ಆಯಿಲ್ ಕೆಟ್ಟದ್ದಲ್ಲ. ಅದನ್ನು ಡೀಸೆಲ್ ಎಂಜಿನ್ನಿನ ಮಸಿಯ ಲೆಕ್ಕ ಹಾಕಿ ಮಾಡಿರುತ್ತಾರೆ. ಬೈಕಿನ ಕ್ಲಚ್ಚಿಗೆ ಹೊಂದುತ್ತದೆ ಎಂದು ಡಬ್ಬಿಯ ಮೇಲೆ ಬರೆದಿಲ್ಲದಿದ್ದರೆ ಬೈಕಿಗೆ ಸುರಿಯುವುದು ಬೇಡ.

ಹಾಗಾದರೆ ಏನು ನೋಡಬೇಕು?

ಮೊದಲು, ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿರುವ ಅಂಕಿ. ಅಲ್ಲಿ 10ಡಬ್ಲ್ಯೂ30 ಇದ್ದರೆ ಗಟ್ಟಿ ಆಯಿಲ್ ಹಾಕಿಸಿ ಗಾಡಿಗೆ ಉಪಕಾರ ಮಾಡಿದಂತಾಗುವುದಿಲ್ಲ. ಹೊಸ ಎಂಜಿನ್ನಿನ ಸಂದುಗಳು ತೆಳು ಎಣ್ಣೆಗೆ ತಕ್ಕಂತೆ ಇರುತ್ತವೆ. 20ಡಬ್ಲ್ಯೂ50 ಎಂದಿದ್ದರೆ ಅದೇ ಇರಲಿ.

ಎರಡನೆಯದು, ಡಬ್ಬಿಯ ಹಿಂದೆ ಇಂಗ್ಲಿಷಿನಲ್ಲಿ ಬರೆದ ಜಾಸೊ ಗುರುತು. ಗೇರ್ ಬೈಕಿಗೆ ಎಂಎ ಅಥವಾ ಎಂಎ2. ಎಂಬಿ ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರಿಗೆ, ಅದರ ಕ್ಲಚ್ ಒಣದು.

ಮೂರನೆಯದು, ಮಟ್ಟ. ಸ್ಟ್ಯಾಂಡ್ ಹಾಕಿ ಗಾಡಿ ನೆಟ್ಟಗೆ ನಿಲ್ಲಿಸಿ, ಆಯಿಲ್ ಕಡ್ಡಿ ಒರೆಸಿ ಅದ್ದಿ ನೋಡಿ. ಕೆಲವು ಗಾಡಿಗಳಲ್ಲಿ ಕಡ್ಡಿಯ ಬದಲು ಗಾಜಿನ ಕಿಂಡಿ ಇರುತ್ತದೆ. ಕೆಳಗಿನ ಗೆರೆಗಿಂತ ಇಳಿದಿದ್ದರೆ ಬದಲಿಸುವ ದಿನದವರೆಗೆ ಕಾಯದೆ ಅದೇ ಆಯಿಲ್ ಹಾಕಿಸಿ.

ಆಯಿಲ್ ಕಪ್ಪಾಯಿತು ಎಂದು ಗಾಬರಿ ಬೇಡ. ಒಳಗಿನ ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ. ಬಣ್ಣ ನೋಡುವುದಕ್ಕಿಂತ ಪುಸ್ತಕ ಹೇಳಿದ ಕಿಲೋಮೀಟರಿಗೆ ಬದಲಿಸಿ. ಖಾಲಿ ಡಬ್ಬಿಗೆ ತೂತು ಮಾಡಿ ಬಿಸಾಡಿ, ಇಲ್ಲದಿದ್ದರೆ ಅದೇ ಡಬ್ಬಿಯಲ್ಲಿ ನಕಲಿ ಆಯಿಲ್ ತುಂಬಿ ಮಾರುವವರು ಇರುತ್ತಾರೆ.

ಮುಂದಿನ ಸಲ ಆಯಿಲ್ ಬದಲಿಸುವಾಗ ಡಬ್ಬಿಯನ್ನು ಒಮ್ಮೆ ಕೈಗೆ ತೆಗೆದುಕೊಂಡು ಅಂಕಿ, ಗುರುತು ಎರಡನ್ನೂ ಓದಿ, ಆಮೇಲೆ ಸುರಿಯಲು ಹೇಳಿ. ನಿಮ್ಮೂರಲ್ಲಿ ಯೆಜ್ದಿ ಕಾಲದ ಮೆಕ್ಯಾನಿಕ್ ಯಾರಾದರೂ ಇದ್ದರೆ ಅವರನ್ನೂ ಮಾತಾಡಿಸಿ. ಆಗಿನ ಎಂಜಿನ್ನಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಅವರು ನಮಗಿಂತ ಚೆನ್ನಾಗಿ, ಬಿಚ್ಚಿ ತೋರಿಸಿಯೇ ಹೇಳುತ್ತಾರೆ.